ಮಣಿಪುರದ ಗಿಡ್ಡ ಕುದುರೆ

ಕುದುರೆಯೇರಿ ಚೆಂಡಾಡುವುದು ಕನ್ನಡ ನಾಡು ಕೇಳರಿಯದ ಸಂಗತಿಯೇನಲ್ಲ. ಹನ್ನೆರಡನೆಯ ಶತಮಾನದಲ್ಲಿ ಕಲ್ಯಾಣದಿಂದ ಆಳಿದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರನು ತನ್ನ ‘ಮಾನಸೋಲ್ಲಾಸ’ದಲ್ಲಿ ಇದನ್ನು ಅರಸರ ವಿನೋದಗಳಲ್ಲಿ ಒಂದೆಂದು ವರ್ಣಿಸಿದ್ದಾನೆ. ಆದರೆ ಈಗ ಲೋಕವೆಲ್ಲ ‘ಪೋಲೋ’ ಎಂದು ಕರೆಯುವ ಆಟವು ಹೊರಟದ್ದು ಮಣಿಪುರದಿಂದ. ಹೆಸರು ಮಾತ್ರ ಅಲ್ಲಿಯದಲ್ಲ. ಅದು ಬಾಲ್ಟಿಸ್ತಾನದ ಜನ ಚೆಂಡಿಗೆ ಇಟ್ಟ ಹೆಸರು. ಮಣಿಪುರದವರು ತಮ್ಮ ಆಟವನ್ನು ‘ಸಗೋಲ್ ಕಾಂಗ್ಜೈ’ ಎನ್ನುತ್ತಾರೆ. ‘ಸಗೋಲ್’ ಎಂದರೆ ಕುದುರೆ.

ಈ ಕುದುರೆಯಾದರೂ ಎಷ್ಟು ಎತ್ತರದ್ದು? ಹೆಗಲಿನವರೆಗೆ ಅಳೆದರೆ 44ರಿಂದ 52 ಅಂಗುಲ. ಅರಬ್ಬೀ ಕುದುರೆಯ ಪಕ್ಕದಲ್ಲಿ ನಿಲ್ಲಿಸಿದರೆ ಮರಿಯೆಂದೇ ತೋರೀತು. ಆದರೂ ಮೂರ್ತಿ ಚಿಕ್ಕದಾದರೂ ಕೀರ್ತಿ ದೊಡ್ಡದು. 1709ರಿಂದ 1748ರವರೆಗೆ ಆಳಿದ ಪಾಮ್‌ಹೈಬಾ, ಅಂದರೆ ಗರೀಬ್ ನವಾಜ್ ಮಹಾರಾಜನ ಸವಾರರು ಇದನ್ನೇರಿ ಬರ್ಮಾದೊಳಕ್ಕೆ ನುಗ್ಗಿ, ಐರಾವತಿಯ ದಂಡೆಯ ಸಗಾಯಿಂಗ್‌ವರೆಗೂ ದಾಳಿ ನಡೆಸಿದರು. ಮುಂದೆ ಬರ್ಮೀಯರ ಕೈ ಮೇಲಾದಾಗ ಅವರು ಮಣಿಪುರದ ಸವಾರರನ್ನು ಸೆರೆಯೊಯ್ದು, ತಮ್ಮ ಸೈನ್ಯದಲ್ಲೇ ಒಂದು ಕುದುರೆ ದಳವನ್ನಾಗಿ ಮಾಡಿಕೊಂಡರು. ಶತ್ರುವಿನಿಂದ ದೊರೆತ ಇದಕ್ಕಿಂತ ದೊಡ್ಡ ಪ್ರಶಸ್ತಿ ಯಾವುದು?

1819ರಿಂದ 1826ರವರೆಗೆ ಮಣಿಪುರ ಬರ್ಮೀಯರ ವಶದಲ್ಲಿತ್ತು. ಆ ಏಳು ವರ್ಷಗಳ ಹಾಳುಗಾಲದಲ್ಲಿ ಸಾವಿರಾರು ಜನ ನೆರೆಯ ಕಾಛಾಡಕ್ಕೆ ಓಡಿಹೋದರು. ಹೋದಲ್ಲೆಲ್ಲ ಆಟವನ್ನೂ ಕೊಂಡೊಯ್ದರು. ಅಲ್ಲಿಯೇ ಇಂಗ್ಲಿಷ್ ಅಧಿಕಾರಿಗಳೂ ಚಹಾ ತೋಟದವರೂ ಅದನ್ನು ಕಂಡು ಮರುಳಾದರು. 1859ರಲ್ಲಿ ಜೋಸೆಫ್ ಶೆರರ್ ಮತ್ತು ರಾಬರ್ಟ್ ಸ್ಟೂಅರ್ಟ್ ಎಂಬವರು ಸಿಲ್ಚರಿನಲ್ಲಿ ಒಂದು ಪೋಲೋ ಕ್ಲಬ್ ಸ್ಥಾಪಿಸಿದರು. ಆಟ ಅಲ್ಲಿಂದ ಕಲ್ಕತ್ತೆಗೆ ಹೋಯಿತು. 1869ರ ಹೊತ್ತಿಗೆ ಇಂಗ್ಲೆಂಡಿನ ಬಯಲಿಗೂ ಇಳಿಯಿತು.

ಗಿಡ್ಡ ಕುದುರೆಯ ಕಷ್ಟಕ್ಕೆ ಬೀಜ ಬಿದ್ದದ್ದು ಈ ಗೆಲುವಿನಲ್ಲೇ. ವೇಗದ ಆಸೆ ಬೆಳೆದಂತೆ ಪರದೇಶದ ಆಟಗಾರರು ಎತ್ತರದ ಕುದುರೆಗಳನ್ನು ಬಯಸಿದರು. ಕುದುರೆಯ ಎತ್ತರಕ್ಕೆ ನಿಯಮವೊಂದು ಮಿತಿ ಹಾಕಿತ್ತು. ಆ ಮಿತಿ 58 ಅಂಗುಲದವರೆಗೂ ಏರಿ, ಮೊದಲ ಮಹಾಯುದ್ಧ ಮುಗಿಯುವ ವೇಳೆಗೆ ಪೂರ್ತಿ ಬಿದ್ದುಹೋಯಿತು. ಪೋಲೋ ಕುದುರೆಗೆ ಇಂಗ್ಲಿಷಿನಲ್ಲಿ ಇಂದಿಗೂ ‘ಪೋನಿ’ ಎಂದೇ ಹೆಸರು; ಮೈಯಲ್ಲಿ ಮಾತ್ರ ಅದು ಪೋನಿಯಲ್ಲ. ಆಟಕ್ಕೆ ಜಗತ್ತಿನ ಮನ್ನಣೆ ಸಿಕ್ಕಿತು. ಆಟ ಕಲಿಸಿದ ತಳಿ ಆ ಅಂಗಳದಿಂದ ಹೊರಗುಳಿಯಿತು.

ತವರಿನಲ್ಲಾದರೂ ಅದು ಸುಖವಾಗಿದೆಯೆ? ಅಲ್ಲಿ ಕುದುರೆಯನ್ನು ಲಾಯದಲ್ಲಿ ಕಟ್ಟಿ ಸಾಕುವುದಕ್ಕಿಂತ ಬಯಲಿಗೆ ಮೇಯಲು ಬಿಡುವುದೇ ವಾಡಿಕೆ. ಇಂಫಾಲದ ಲಾಂಫೆಲ್‌ಪಾಟ್‌ನಂಥ ಜೌಗು ಹುಲ್ಲುಗಾವಲುಗಳೇ ಅದರ ಕಣಜ. ಊರು ಬೆಳೆದಂತೆ ಅಲ್ಲಿ ಮಣ್ಣು ತುಂಬಿತು, ಕಟ್ಟಡಗಳೆದ್ದವು. ಹುಲ್ಲು ತಪ್ಪಿದ ಕುದುರೆಗಳು ಬೀದಿಗೆ ಬಂದು ಕಸದ ರಾಶಿಗೆ ಬಾಯಿ ಹಾಕಿದವು. 2003ರ ಜಾನುವಾರು ಗಣತಿಯಲ್ಲಿ 1,898 ಇದ್ದವು. 2012ರಲ್ಲಿ 1,101ಕ್ಕೆ ಇಳಿದವು.

ಮಣಿಪುರದವರಿಗೆ ಕುದುರೆಯ ಮೇಲೆ ಭಕ್ತಿ ಕಡಿಮೆಯೆಂದಲ್ಲ. ಕುದುರೆಗೂ ಈ ಆಟಕ್ಕೂ ಮಾರ್ಜಿಂಗ್ ಎಂಬ ದೇವತೆಯೇ ಅಲ್ಲಿದ್ದಾನೆ. 2023ರಲ್ಲಿ ಅವನ ಬೆಟ್ಟದ ಸೀಮೆಯಲ್ಲಿ 100 ಅಡಿಗೂ ಮಿಕ್ಕ ಎತ್ತರದ ಸವಾರನ ಪ್ರತಿಮೆ ಎದ್ದು ನಿಂತಿತು. ಪ್ರತಿಮೆ ಬೇಡವೆನ್ನಲು ನಾವು ಯಾರು? ಆದರೆ ಪ್ರತಿಮೆಗೆ ಹುಲ್ಲು ಬೇಡ. ಜೀವದ ಕುದುರೆಗೆ ಬೇಕು. ಒಂದು ತಳಿ ಉಳಿಯುವುದು ಅದಕ್ಕೊಂದು ಕೆಲಸ, ಅದಕ್ಕೊಂದು ಬಯಲು ಇರುವ ತನಕ. ಕೆಲಸವನ್ನು ಮಣಿಪುರದ ಆಟಗಾರರು ಇನ್ನೂ ಬಿಟ್ಟಿಲ್ಲ. ಒಂದೊಂದು ಕಡೆಗೆ ಏಳು ಜನರಂತೆ ನಿಂತು, ಗೋಲುಕಂಬಗಳಿಲ್ಲದ ಅಂಗಳದಲ್ಲಿ ಇಂದಿಗೂ ಹಳೆಯ ಕ್ರಮದಲ್ಲೇ ಆಡುತ್ತಾರೆ. ಕೊಡಬೇಕಾದದ್ದು ಬಯಲು.