ಥೈಮಸ್ ಗ್ರಂಥಿ ಮತ್ತು ಜಾಕ್ ಮಿಲ್ಲರ್ ಅವರ ಸಂಶೋಧನೆ

ಎದೆಮೂಳೆಯ ಹಿಂದೆ, ಹೃದಯಕ್ಕೆ ತುಸು ಮೇಲೆ ಇರುವ ಥೈಮಸ್ ಗ್ರಂಥಿಯು ವೈದ್ಯರಿಗೆ ಬಹುಕಾಲದಿಂದ ಪರಿಚಿತವಾದುದು. ವಯಸ್ಸಿಗೆ ತಕ್ಕಂತೆ ಅದರ ಗಾತ್ರವು ಬದಲಾಗುವುದೆಂಬುದನ್ನು ಎರಡನೆಯ ಶತಮಾನದ ಗೇಲನನೇ ಕಂಡಿದ್ದನು. ಆದರೆ ಅದರ ಕಾರ್ಯವೇನೆಂಬುದು 1961ರವರೆಗೆ ಸ್ಪಷ್ಟವಾಗಲಿಲ್ಲ. ಬೆಳೆದ ಪ್ರಾಣಿಗಳಿಂದ ಅದನ್ನು ತೆಗೆದುಹಾಕಿ ನೋಡಿದವರಿಗೆ ಹೇಳಿಕೊಳ್ಳುವಂಥ ವ್ಯತ್ಯಾಸವೇನೂ ಕಾಣದ ಕಾರಣ, ಅದೊಂದು ನಿರುಪಯುಕ್ತ ಅವಶೇಷವೆಂಬ ಅಭಿಪ್ರಾಯವು ಬೇರೂರಿತು.

ಈ ಅಜ್ಞಾನದ ಫಲವು ಗ್ರಂಥಗಳಲ್ಲಿ ಮಾತ್ರವೇ ಉಳಿಯಲಿಲ್ಲ. ಶಿಶುಗಳ ಹಠಾತ್ ಮರಣಕ್ಕೆ ಹಿಗ್ಗಿದ ಥೈಮಸ್ಸೇ ಕಾರಣವೆಂದು ಬಗೆದು, ಇಪ್ಪತ್ತನೆಯ ಶತಮಾನದ ಪೂರ್ವಾರ್ಧದಲ್ಲಿ ಅಮೆರಿಕದ ಎಷ್ಟೋ ಮಕ್ಕಳ ಎದೆಗೆ ಎಕ್ಸ್‌ಕಿರಣಗಳನ್ನು ಹಾಯಿಸಿದರು. ಹಾಗೆ ಹಾಯಿಸಿದ್ದಕ್ಕೂ ಆ ಮಕ್ಕಳಲ್ಲಿ ಮುಂದೆ ಕಾಣಿಸಿಕೊಂಡ ಥೈರಾಯ್ಡ್ ಕ್ಯಾನ್ಸರಿಗೂ ಸಂಬಂಧವಿರಬಹುದೆಂಬ ವರದಿಯು ಹೊರಬಿದ್ದುದು 1950ರಲ್ಲಿ. ಹಿಗ್ಗಿದೆಯೆಂದು ತಿಳಿದದ್ದು ವಾಸ್ತವವಾಗಿ ಶಿಶುವಿನ ಸಹಜ ಗ್ರಂಥಿಯೇ ಆಗಿತ್ತು.

ಜಾಕ್ ಮಿಲ್ಲರ್ ಫ್ರಾನ್ಸಿನ ನೀಸ್ ನಗರದಲ್ಲಿ 1931ರಲ್ಲಿ ಜನಿಸಿದವರು. ವೈದ್ಯಶಿಕ್ಷಣ ಪಡೆದದ್ದು ಸಿಡ್ನಿಯಲ್ಲಿ. 1958ರಲ್ಲಿ ಅವರು ಲಂಡನ್ನಿನ ಚೆಸ್ಟರ್ ಬೀಟಿ ಸಂಶೋಧನ ಸಂಸ್ಥೆಯನ್ನು ಸೇರಿದಾಗ ಕೈಗೊಂಡ ವಿಷಯ ರೋಗನಿರೋಧವಲ್ಲ, ಇಲಿಗಳ ರಕ್ತಕ್ಯಾನ್ಸರ್. ಅದನ್ನು ಉಂಟುಮಾಡುವ ಒಂದು ವೈರಸ್ಸು ಮೊದಲು ನೆಲೆಗೊಳ್ಳುವುದು ಎಳೆಯ ಥೈಮಸ್ಸಿನಲ್ಲಿಯೇ ಎಂಬುದನ್ನು ಪರೀಕ್ಷಿಸಲು ಅವರು ಆಗತಾನೆ ಹುಟ್ಟಿದ, ಒಂದೆರಡು ಗ್ರಾಂ ಮಾತ್ರ ತೂಗುವ ಮರಿಗಳಿಂದ ಆ ಗ್ರಂಥಿಯನ್ನು ತೆಗೆದರು. ತಾಯಿಯ ಹಾಲು ಬಿಡುವವರೆಗೆ ಮರಿಗಳು ಚೆನ್ನಾಗಿಯೇ ಇದ್ದವು. ಅನಂತರ ಅವುಗಳಲ್ಲಿ ಅನೇಕವು ಸೊರಗಿ ಸಾಯತೊಡಗಿದವು. ವೈರಸ್ಸನ್ನು ಚುಚ್ಚದೆ ಬಿಟ್ಟ ಮರಿಗಳಿಗೂ ಇದೇ ಗತಿಯಾಯಿತು! ಉದ್ದಿಷ್ಟ ಪ್ರಯೋಗ ಕೆಟ್ಟಿತೆಂದು ಬೇರೊಬ್ಬರು ಕೈಬಿಡುತ್ತಿದ್ದರೋ ಏನೋ. ಮಿಲ್ಲರ್ ಸತ್ತ ಮರಿಗಳನ್ನು ಸೀಳಿ ನೋಡಿದರು. ಲಿಂಫೋಸೈಟ್ ಎಂಬ ಬಿಳಿಯ ರಕ್ತಕಣಗಳು ಅತ್ಯಂತ ವಿರಳವಾಗಿದ್ದವು. ಯಕೃತ್ತಿನಲ್ಲಿ ಸೋಂಕಿನ ಗುರುತುಗಳಿದ್ದವು. ಬೇರೆ ತಳಿಯ ಇಲಿಯ ಚರ್ಮವನ್ನು ಕಸಿಮಾಡಿದರೆ ಸಾಮಾನ್ಯ ಇಲಿಯು ಅದನ್ನು ಬೇಗನೆ ಉದುರಿಸಿಬಿಡುತ್ತದೆ. ಇವು ಉದುರಿಸಲಿಲ್ಲ, ಕಸಿಯ ಮೇಲೆ ರೋಮವೂ ಬೆಳೆಯಿತು. ಈ ಫಲಿತಾಂಶಗಳು 1961ರಲ್ಲಿ ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ಪ್ರಕಟವಾದವು.

ಹಿಂದಿನ ಪ್ರಯೋಗಕಾರರು ಅಜಾಗರೂಕರಾಗಿದ್ದರೆಂದು ಹೇಳಲು ನಾವು ಸಿದ್ಧರಿಲ್ಲ. ಅವರು ಕಂಡದ್ದು ನಿಜವೇ. ಥೈಮಸ್ಸಿನ ಮುಖ್ಯ ಕೆಲಸವು ಜೀವನದ ಆರಂಭದಲ್ಲಿಯೇ ಬಹುಮಟ್ಟಿಗೆ ಮುಗಿದು, ದೀರ್ಘಾಯುಗಳಾದ ಲಿಂಫೋಸೈಟುಗಳು ಆಗಲೇ ದೇಹದಲ್ಲೆಲ್ಲ ಹರಡಿರುತ್ತವೆ. ಅನಂತರ ಗ್ರಂಥಿಯನ್ನು ತೆಗೆದರೆ ಕೊರತೆಯು ಒಡನೆಯೇ ಹೇಗೆ ಕಂಡೀತು? ಅವರು ತಪ್ಪಿದ್ದು ಪ್ರಾಣಿಯ ವಯಸ್ಸಿನ ಆಯ್ಕೆಯಲ್ಲಿ.

ವಿದ್ವತ್ಸಮೂಹವು ಇದನ್ನು ಒಡನೆ ಒಪ್ಪಿತೆನ್ನುವಂತಿಲ್ಲ. 1960ರಲ್ಲಿ ನೊಬೆಲ್ ಪಾರಿತೋಷಕ ಪಡೆದಿದ್ದ ಪೀಟರ್ ಮೆಡವಾರರೇ, ಥೈಮಸ್ಸಿನಲ್ಲಿ ಲಿಂಫೋಸೈಟುಗಳಿರುವುದು ವಿಕಾಸದ ಆಕಸ್ಮಿಕವೆಂದು ಮುಂದೆ ತೋರಬಹುದೆಂದು 1963ರಲ್ಲಿ ಅಭಿಪ್ರಾಯಪಟ್ಟರು. ಇಲಿಗಳು ಸೊರಗಿದ್ದಕ್ಕೆ ಸಾಕಣೆಯ ಸ್ಥಳದ ಸೋಂಕೇ ಕಾರಣವಿರಬಹುದೆಂಬ ಶಂಕೆಯೂ ಇತ್ತು. ರೋಗಾಣುರಹಿತ ವಾತಾವರಣದಲ್ಲಿ ಬೆಳೆಸಿದ ಇಲಿಗಳು ಸೊರಗಲಿಲ್ಲ. ಆದರೆ ಪರಚರ್ಮವನ್ನು ತಿರಸ್ಕರಿಸುವ ಶಕ್ತಿ ಅವುಗಳಿಗೂ ಇರಲಿಲ್ಲ. ಹೀಗೆ ಸೋಂಕಿನ ಪರಿಣಾಮ ಯಾವುದು, ಗ್ರಂಥಿಯ ಅಭಾವದ ಪರಿಣಾಮ ಯಾವುದು ಎಂಬುದು ಬೇರ್ಪಟ್ಟಿತು. ನಮ್ಮ ದೃಷ್ಟಿಯಲ್ಲಿ 1961ರ ಪ್ರಬಂಧದಷ್ಟೇ ತೂಕವುಳ್ಳ ಕೆಲಸವಿದು.

ಮುಂದೆ ಮೆಲ್ಬರ್ನ್ ನಗರದಲ್ಲಿ ಮಿಲ್ಲರ್ ಮತ್ತು ಅವರ ವಿದ್ಯಾರ್ಥಿ ಗ್ರಹಾಂ ಮಿಚೆಲ್, ಪ್ರತಿಕಾಯಗಳನ್ನು ಉತ್ಪಾದಿಸುವ ಕಣಗಳು ಅಸ್ಥಿಮಜ್ಜೆಯಿಂದ ಬಂದವೆಂದೂ ಥೈಮಸ್ಸಿನ ಕಣಗಳು ಅವಕ್ಕೆ ನೆರವಾಗುವುವೆಂದೂ 1968ರಲ್ಲಿ ತೋರಿಸಿದರು. ಒಂದೇ ಬಗೆಯದೆಂದು ಎಣಿಸಿದ್ದ ಲಿಂಫೋಸೈಟಿನಲ್ಲಿ ಎರಡು ವರ್ಗಗಳಿರುವುದು ಸಸ್ತನಿಗಳಲ್ಲಿ ಹೀಗೆ ಸಿದ್ಧವಾಯಿತು. ಕೋಳಿಗಳಲ್ಲಿ ಇಂಥದೇ ವಿಭಾಗವನ್ನು 1965ರಲ್ಲಿಯೇ ತೋರಿಸಿದ್ದ ಮ್ಯಾಕ್ಸ್ ಕೂಪರರೊಡನೆ ಮಿಲ್ಲರ್ 2019ರಲ್ಲಿ ಲಾಸ್ಕರ್ ಪಾರಿತೋಷಕವನ್ನು ಹಂಚಿಕೊಂಡರು.