ಸಿಟಿಗೆ ಸಣ್ಣ ಆಟೋಮ್ಯಾಟಿಕ್ ಕಾರು ತಗೋತೀರಾ? ಮೊದಲು ಏರಿನಲ್ಲಿ ಓಡಿಸಿ ನೋಡಿ

ಮಂಗಳೂರು: ಆಟೋಮ್ಯಾಟಿಕ್ ಅಂದ್ರೆ ಎಲ್ಲವೂ ಒಂದೇ ಅಲ್ಲ. ಆಲ್ಟೊ ಕೆ10, ವ್ಯಾಗನ್ ಆರ್, ಟಿಯಾಗೊ ಕಾರುಗಳಲ್ಲಿ ಸಿಗುವುದು ಎಎಂಟಿ. ನಮ್ಮ ದೇಶದಲ್ಲಿ ಇದು ಮೊದಲು ಬಂದದ್ದು 2014ರಲ್ಲಿ, ಮಾರುತಿ ಸೆಲೆರಿಯೊದಲ್ಲಿ. ಅಸಲಿಗೆ ಇದು ಮ್ಯಾನುವಲ್ ಗೇರ್‌ಬಾಕ್ಸೇ. ಕ್ಲಚ್ ಒಳಗೇ ಇದೆ, ಅದನ್ನು ಒತ್ತುವ ಕೆಲಸ ಮಾತ್ರ ನಿಮ್ಮ ಕಾಲಿನ ಬದಲು ಯಂತ್ರ ಮಾಡುತ್ತೆ. ಹಾಗಾಗಿ ಬೆಲೆ ಕಡಿಮೆ, ಮೈಲೇಜೂ ಮ್ಯಾನುವಲ್‌ಗೆ ಹತ್ತಿರ. ಗೇರ್ ಬದಲಾಗುವಾಗ ಸಣ್ಣ ಜರ್ಕ್ ಇರುತ್ತೆ, ಅದು ಅಭ್ಯಾಸ ಆಗುತ್ತೆ.

ಲೈಟ್‌ಹೌಸ್ ಹಿಲ್ ರಸ್ತೆಯಂಥ ಏರಿನಲ್ಲಿ ಟ್ರಾಫಿಕ್ ನಿಂತಾಗ ಮಾತ್ರ ವಿಷಯ ಬೇರೆ. ಕಾರು ಹಿಂದಕ್ಕೆ ಜಾರಬಾರದು ಅಂತ ಕೆಲವರು ಆಕ್ಸಿಲರೇಟರ್ ಸ್ವಲ್ಪ ಒತ್ತಿಕೊಂಡೇ ನಿಲ್ತಾರೆ. ಕ್ಲಚ್ ಬಿಸಿಯಾಗಿ ಸವೆಯುವುದು ಆಗಲೇ. ಪೆಡಲ್ ಇಲ್ಲ ಅಂದಮಾತ್ರಕ್ಕೆ ಕ್ಲಚ್ ಖರ್ಚು ತಪ್ಪಲ್ಲ! ನಿಂತಾಗ ಬ್ರೇಕ್ ಹಿಡಿಯಿರಿ, ತುಂಬಾ ಹೊತ್ತಾದರೆ ಹ್ಯಾಂಡ್‌ಬ್ರೇಕ್ ಹಾಕಿ ನ್ಯೂಟ್ರಲ್ ಮಾಡಿ. ಹಿಲ್ ಹೋಲ್ಡ್ ಇರುವ ವೇರಿಯಂಟ್ ಕೇಳಿ. ಬ್ರೇಕ್ ಬಿಟ್ಟ ಮೇಲೂ ಒಂದೆರಡು ಸೆಕೆಂಡ್ ಕಾರನ್ನು ಹಿಡಿದಿಡುತ್ತೆ. ದೊಡ್ಡ ಟಚ್‌ಸ್ಕ್ರೀನ್‌ಗಿಂತ ಇದು ಮುಖ್ಯ.

ಹೋಂಡಾ ಅಮೇಜ್‌ನಂಥ ಸಿವಿಟಿ ಕಾರಿನಲ್ಲಿ ಆ ಜರ್ಕ್ ಇಲ್ಲ, ಬೆಲೆ ಜಾಸ್ತಿ. ದಿನಾ ಏರು-ಇಳಿತದ ಟ್ರಾಫಿಕ್‌ನಲ್ಲೇ ಓಡಾಡುವವರಿಗೆ ಆ ದುಡ್ಡು ದಂಡ ಅಲ್ಲ.

ಟೆಸ್ಟ್ ಡ್ರೈವ್ ಅಂತ ಸಮತಟ್ಟು ರಸ್ತೆಯಲ್ಲಿ ಒಂದು ರೌಂಡ್ ಹೊಡೆಸಿ ಮುಗಿಸಿದರೆ ಒಪ್ಪಬೇಡಿ. ಏರಿನಲ್ಲಿ ನಿಲ್ಲಿಸಿ ಹೊರಡಿಸಿ, ರಿವರ್ಸ್ ಹಾಕಿ ನೋಡಿ. ಮನೆಯಲ್ಲಿ ಓಡಿಸುವ ಎಲ್ಲರೂ ಹೋಗಿ. ಲೈಸೆನ್ಸ್ ಬೇರೆ ಬೇಡ, ಈಗಿರುವ ಎಲ್‌ಎಂವಿ ಸಾಕು.