ಹಳ್ಳಿಶಾಲೆಗೆ ಉಪಗ್ರಹ ತಂದ ಪಾಠ

ಇಂದು ತರಗತಿಯಲ್ಲಿ ವಿಡಿಯೊ ತೋರಿಸಲು ಶಿಕ್ಷಕರ ಕೈಯಲ್ಲಿರುವ ಮೊಬೈಲ್ ಸಾಕು. ಆದರೆ 1975ರಲ್ಲಿ ಬೆಂಗಳೂರಿನಲ್ಲಿಯೇ ದೂರದರ್ಶನ ಕೇಂದ್ರವಿರಲಿಲ್ಲ. ಆ ವರ್ಷದ ಆಗಸ್ಟ್ 1ರಂದು ಬಿಜಾಪುರ, ಗುಲ್ಬರ್ಗಾ (ಇಂದಿನ ವಿಜಯಪುರ, ಕಲಬುರಗಿ) ಮತ್ತು ರಾಯಚೂರು ಜಿಲ್ಲೆಗಳ ಹಳ್ಳಿಗಳಲ್ಲಿ ಟಿ.ವಿ. ಪರದೆಗಳು ಬೆಳಗಿದವು. ಇದೇ 'ಸೈಟ್' ಎಂಬ ಹೆಸರಿನ ಉಪಗ್ರಹ ಬೋಧನಾ ದೂರದರ್ಶನ ಪ್ರಯೋಗ.

ವಿಕ್ರಮ್ ಸಾರಾಭಾಯಿ ಅವರ ಕನಸಿನ ಫಲವಾಗಿ 1969ರಲ್ಲಿ ಭಾರತ ಮತ್ತು ಅಮೆರಿಕದ ನಾಸಾ ನಡುವೆ ಇದಕ್ಕಾಗಿ ಒಪ್ಪಂದವಾಗಿತ್ತು. ಸಾರಾಭಾಯಿ 1971ರಲ್ಲಿ ತೀರಿಕೊಂಡರು. ಪ್ರಯೋಗ ನಡೆಯುವಾಗ ಅಹಮದಾಬಾದಿನ ಬಾಹ್ಯಾಕಾಶ ಅನ್ವಯ ಕೇಂದ್ರದ ಹೊಣೆ ಯಶಪಾಲ್ ಅವರದಾಗಿತ್ತು. ನಾಸಾದ ಎಟಿಎಸ್-6 ಉಪಗ್ರಹವನ್ನು ಪೂರ್ವ ಆಫ್ರಿಕದ ಮೇಲೆ, ಸುಮಾರು 36,000 ಕಿ.ಮೀ. ಎತ್ತರಕ್ಕೆ ತಂದು ನಿಲ್ಲಿಸಲಾಯಿತು. ಆರು ರಾಜ್ಯಗಳ ಸುಮಾರು 2,400 ಹಳ್ಳಿಗಳು ಅದರಿಂದ ನೇರವಾಗಿ ಸಂಕೇತ ಪಡೆದವು.

ಹಳ್ಳಿಯ ಆಂಟೆನಾ ಎಂದರೆ ಸುಮಾರು 3 ಮೀಟರ್ ವ್ಯಾಸದ ಬೋಗುಣಿ. ಅದಕ್ಕೆ ಹೊದಿಸಿದ್ದು ಕೋಳಿಗೂಡಿಗೆ ಬಳಸುವಂಥ ತಂತಿಬಲೆ! ತೂತುಗಳಿದ್ದರೂ ಅಲೆಗಳು ಸೋರಿಹೋಗುವುದಿಲ್ಲವೆ? ಇಲ್ಲ. ಪ್ರಸಾರದ ಆವೃತ್ತಿ 860 ಮೆಗಾಹರ್ಟ್ಸ್. ಅಂದರೆ ತರಂಗದೂರ ಸುಮಾರು 35 ಸೆಂ.ಮೀ. ಬಲೆಯ ಕಣ್ಣು ಅದಕ್ಕಿಂತ ತೀರ ಚಿಕ್ಕದಾದ್ದರಿಂದ ಆ ಅಲೆಗೆ ಬಲೆಯೂ ಒಂದೇ, ಲೋಹದ ತಗಡೂ ಒಂದೇ. ಖರ್ಚು ಕಡಿಮೆ, ಗಾಳಿಯ ಹೊಡೆತವೂ ಕಡಿಮೆ.

ಬೆಳಿಗ್ಗೆ ಒಂದೂವರೆ ಗಂಟೆ ಪ್ರಾಥಮಿಕ ಶಾಲಾ ಮಕ್ಕಳಿಗೆ ಮೀಸಲು. ಹಿಂದಿ, ಕನ್ನಡ, ತೆಲುಗು, ಒರಿಯಾ ಭಾಷೆಗಳಿಗೆ ತಲಾ 22½ ನಿಮಿಷ. ಹಾಗಾದರೆ ಶಿಕ್ಷಕರ ಕೆಲಸವೇನು? ಪ್ರಯೋಗ ನಡೆಸಿದವರು ಈ ಪ್ರಶ್ನೆಯನ್ನು ಮರೆಯಲಿಲ್ಲ. ಅದೇ ಉಪಗ್ರಹದ ನೆರವಿನಿಂದ ಸುಮಾರು 50,000 ಪ್ರಾಥಮಿಕ ಶಿಕ್ಷಕರಿಗೆ ವಿಜ್ಞಾನ ಬೋಧನೆಯ ತರಬೇತಿಯನ್ನೂ ನೀಡಿದರು.

1976ರ ಜುಲೈ 31ಕ್ಕೆ ಪ್ರಯೋಗ ಮುಗಿಯಿತು, ಉಪಗ್ರಹ ಹಿಂದಿರುಗಿತು. ಮಕ್ಕಳ ಭಾಷಾ ಬೆಳವಣಿಗೆಯಲ್ಲಿ ಲಾಭ ಕಂಡಿತ್ತು. ಆದರೆ ಶಾಲೆಗೆ ಸೇರುವವರ, ಶಾಲೆ ಬಿಡುವವರ ಸಂಖ್ಯೆ ಹೇಳಿಕೊಳ್ಳುವಷ್ಟು ಬದಲಾಗಲಿಲ್ಲ. ಹೊಲಕ್ಕೆ ಹೋಗಬೇಕಾದ ಮಗುವನ್ನು ಪರದೆಯೊಂದೇ ಶಾಲೆಯಲ್ಲಿ ಹಿಡಿದಿಡಲಾರದು. 2004ರಲ್ಲಿ ನಮ್ಮದೇ ಎಜುಸ್ಯಾಟ್ ಹಾರಿತು. ಚಾಮರಾಜನಗರ ಜಿಲ್ಲೆಯ ಪ್ರಾಥಮಿಕ ಶಾಲೆಗಳಿಗೆ ಅದರ ಮೂಲಕವೂ ಪಾಠಗಳು ಬಂದವು.

ಸೈಟ್ ಕಾಲದ ಶಿಕ್ಷಕರಿಗೆ ಇಲ್ಲದ ಒಂದು ಅನುಕೂಲ ಇಂದು ನಮಗಿದೆ. ಅವರ ಮುಂದಿನ ಚಿತ್ರ ಯಾರಿಗೂ ಕಾಯದೆ ಓಡುತ್ತಿತ್ತು. ಅರ್ಥವಾಗದ ಮಗು ಕೈ ಎತ್ತಿದರೂ ಉಪಗ್ರಹಕ್ಕೆ ಅದು ಕಾಣುತ್ತಿರಲಿಲ್ಲ. ಇಂದು ಚಿತ್ರವನ್ನು ಬೇಕಾದಲ್ಲಿ ನಿಲ್ಲಿಸಬಹುದು. ನಿಲ್ಲಿಸಿ, 'ಮುಂದೆ ಏನಾಗಬಹುದು?' ಎಂದು ಕೇಳಿ. ಆಗುವುದಾದರೆ ಆ ಪ್ರಯೋಗವನ್ನು ಮಕ್ಕಳ ಕೈಯಿಂದಲೇ ಮಾಡಿಸಿ. ನಿಜವಾದ ಪಾಠ ಆರಂಭವಾಗುವುದು ಅಲ್ಲಿಂದ.